ಮೇಲ್ ಓದುವಾಗ ವಿಂಡೋ ತಾನಾಗಿ ಜಿಗಿದರೆ: ಮಟ್ ಮತ್ತು ಟಿಮಕ್ಸ್ ಬಳಸುವವರಿಗೆ ದೋಷ ನಿವಾರಣೆ ಕೈಪಿಡಿ

"ಮೇಲ್ ಓದಾಕತ್ತಿದ್ನಿ, ಒಮ್ಮಿಂದೊಮ್ಮೆಲೆ ಬ್ಯಾರೇ ವಿಂಡೋ ಬಂತ್ರೀ." ಟರ್ಮಿನಲ್‌ನಲ್ಲಿ ಮೇಲ್ ಓದುವವರ ದೂರು ಬಹುಪಾಲು ಇದೇ ಮಾತಿನಲ್ಲಿ ಬರುತ್ತದೆ. ಬೆಳಗಾವಿ ಉದ್ಯಮಬಾಗದ ಕಾರ್ಖಾನೆ ಕಚೇರಿಯಲ್ಲಿ ಕುಳಿತು ಸರ್ವರ್ ನೋಡಿಕೊಳ್ಳುವವರಿರಲಿ, ಬಾಗಲಕೋಟೆಯ ಕಾಲೇಜು ಲ್ಯಾಬಿನಲ್ಲಿ ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ಗೆ ಲಾಗಿನ್ ಆಗುವ ವಿದ್ಯಾರ್ಥಿಗಳಿರಲಿ, ಮಾತು ಒಂದೇ. ಆದರೆ ಆ ಒಂದು ಮಾತಿನ ಹಿಂದೆ ಕಡಿಮೆ ಎಂದರೂ ಹತ್ತು ಬೇರೆ ಬೇರೆ ಕಾರಣಗಳಿವೆ. "ವಿಂಡೋ" ಎಂದು ಅವರು ಕರೆಯುವುದು ಕೆಲವೊಮ್ಮೆ ಟಿಮಕ್ಸ್‌ನ (ಒಂದೇ ಟರ್ಮಿನಲ್‌ನಲ್ಲಿ ಹಲವು ವಿಂಡೋ ಕೊಡುವ ಪ್ರೋಗ್ರಾಮ್) ವಿಂಡೋ, ಕೆಲವೊಮ್ಮೆ ಮಟ್‌ನ (ಟರ್ಮಿನಲ್‌ನಲ್ಲೇ ಮೇಲ್ ಓದಿಸುವ ಪ್ರೋಗ್ರಾಮ್) ಒಳಗಿನ ಪರದೆ, ಕೆಲವೊಮ್ಮೆ ಟರ್ಮಿನಲ್‌ನ ಟ್ಯಾಬ್. ಯಾವುದು ಜಿಗಿಯಿತು ಎಂದು ಗೊತ್ತಾಗುವ ಮೊದಲೇ ಕಾನ್ಫಿಗ್ ಫೈಲ್ ತಿದ್ದಲು ಹೋದರೆ ಇಡೀ ದಿನ ಹಾಳು.

ಇಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲೆಲ್ಲ ಹೇಳಿದೆ, ಉಳಿದದ್ದೆಲ್ಲ ಸಣ್ಣಕ್ಷರ.

ಕೀ ದಾಟುವ ನಾಕಾಗಳು

ನೀವು ಒತ್ತಿದ ಕೀ ನೇರವಾಗಿ ಮಟ್‌ಗೆ ಹೋಗುವುದಿಲ್ಲ. ಮೊದಲು ಡೆಸ್ಕ್‌ಟಾಪ್ ನೋಡುತ್ತದೆ, ಆಮೇಲೆ ಟರ್ಮಿನಲ್, ಎಸ್‌ಎಸ್‌ಎಚ್ ಇದ್ದರೆ ನೆಟ್‌ವರ್ಕ್, ನಂತರ ಟಿಮಕ್ಸ್ ಅಥವಾ ಅದೇ ಕೆಲಸ ಮಾಡುವ ಗ್ನು ಸ್ಕ್ರೀನ್, ಕೊನೆಗೆ ಮಟ್. ಹೆದ್ದಾರಿಯ ನಾಕಾಗಳಂತೆ ಇವು ಒಂದರ ಹಿಂದೊಂದು ನಿಂತಿವೆ. ಮೊದಲ ನಾಕಾ ಹಿಡಿದಿಟ್ಟುಕೊಂಡ ಕೀಯ ಸುದ್ದಿ ಮುಂದಿನವುಗಳಿಗೆ ತಲುಪುವುದೇ ಇಲ್ಲ. ಹಾಗಾಗಿ ಮಟ್‌ನ ಕಾನ್ಫಿಗ್‌ನಲ್ಲಿ ಎಷ್ಟು ಹುಡುಕಿದರೂ ಟಿಮಕ್ಸ್ ಕಸಿದುಕೊಂಡ ಕೀ ಅಲ್ಲಿ ಸಿಗದು.

ಯಾವ ನಾಕಾ ಎಂದು ತಿಳಿಯಲು ಪರದೆಯ ಕೆಳಭಾಗ ನೋಡಿದರೆ ಸಾಕು. ಟಿಮಕ್ಸ್ ಮೊದಲಿನಿಂದ ಕೊಡುವ ಹಸಿರು ಪಟ್ಟಿಯಲ್ಲಿ ಈಗಿನ ವಿಂಡೋದ ಹೆಸರಿನ ಮುಂದೆ ನಕ್ಷತ್ರ ಚಿಹ್ನೆ, ಅದಕ್ಕೂ ಮೊದಲು ಇದ್ದ ವಿಂಡೋದ ಮುಂದೆ ಅಡ್ಡಗೆರೆ ಇರುತ್ತದೆ. ಜಿಗಿತ ಆದಾಗ:

ನಕ್ಷತ್ರ ಬೇರೆ ಹೆಸರಿನ ಮೇಲೆ ಹೋಗಿದ್ದರೆ, ಸರಿಸಿದ್ದು ಟಿಮಕ್ಸ್.

ನಕ್ಷತ್ರ ಇದ್ದಲ್ಲೇ ಇದ್ದು ಮೇಲಿನ ಪಠ್ಯ ಮಾತ್ರ ಬದಲಾಗಿದ್ದರೆ, ಮಟ್ ತಾನೇ ಪರದೆ ಬದಲಿಸಿದೆ, ಇಲ್ಲವೇ ಮಟ್ ಹಿಂದೆ ಸರಿದು ಶೆಲ್ (ಆದೇಶ ಟೈಪಿಸುವ ಪ್ರಾಂಪ್ಟ್) ಕಾಣುತ್ತಿದೆ.

ಹಸಿರು ಪಟ್ಟಿಯೇ ಇಲ್ಲದಿದ್ದರೆ, ಟರ್ಮಿನಲ್ ಅಥವಾ ಡೆಸ್ಕ್‌ಟಾಪ್. ಡಿಟ್ಯಾಚ್ಡ್ ಎಂಬ ಪದ ಇರುವ ಒಂದೇ ಸಾಲು ಕಂಡರೆ ಸೆಷನ್ (ನಿಮ್ಮ ಟಿಮಕ್ಸ್ ವಿಂಡೋಗಳ ಗುಂಪು) ಸುರಕ್ಷಿತವಾಗಿದೆ, ನೀವು ಹೊರಗೆ ಬಂದಿದ್ದೀರಿ ಅಷ್ಟೇ. ಟಿಮಕ್ಸ್ ಅಟ್ಯಾಚ್ ಎಂದು ಕೊಟ್ಟು ಒಳಗೆ ಹೋಗಿ.

ಇಲ್ಲೊಂದು ಮೋಸವಿದೆ. ಟಿಮಕ್ಸ್ ವಿಂಡೋದ ಹೆಸರು, ಒಳಗೆ ಓಡುತ್ತಿರುವ ಪ್ರೋಗ್ರಾಮಿಗೆ ತಕ್ಕಂತೆ ತಾನೇ ಬದಲಾಗುತ್ತದೆ. ಉತ್ತರ ಬರೆಯಲು ಎಡಿಟರ್ ತೆರೆದ ಕೂಡಲೇ ಮಟ್ ಎಂಬ ಹೆಸರು ಹೋಗಿ ವಿಮ್ ಎಂದಾಗುತ್ತದೆ. ಹೆಸರು ಬದಲಾದರೆ ವಿಂಡೋ ಬದಲಾಯಿತು ಎಂದುಕೊಳ್ಳಬೇಡಿ, ಅದರ ಹಿಂದಿನ ಅಂಕಿಯನ್ನು ನೋಡಿ. ಪ್ರಿಫಿಕ್ಸ್ (ಟಿಮಕ್ಸನ್ನು ಕರೆಯುವ ಕೀ, ಮೊದಲಿನಿಂದ ಕಂಟ್ರೋಲ್-ಬಿ) ಒತ್ತಿ ಅಲ್ಪವಿರಾಮ ಒತ್ತಿದರೆ ನೀವೇ ಹೆಸರು ಕೊಡಬಹುದು. ಆ ವಿಂಡೋದ ಮಟ್ಟಿಗೆ ತಾನಾಗಿ ಹೆಸರು ಬದಲಾಗುವುದು ಅಲ್ಲಿಗೆ ನಿಲ್ಲುತ್ತದೆ. ಪತ್ತೆಗೆ ಕುಳಿತುಕೊಳ್ಳುವ ಮೊದಲು ಇದನ್ನು ಮಾಡಿಕೊಳ್ಳಿ, ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಕಂಟ್ರೋಲ್-ಬಿ: ಅತಿ ಹೆಚ್ಚು ಸಿಗುವ ಕಾರಣ

ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ಮಟ್ ಜೊತೆಗೇ ಬರುವ ಕಾನ್ಫಿಗ್‌ನಲ್ಲಿ ಕಂಟ್ರೋಲ್-ಬಿ ಒಂದು ಮ್ಯಾಕ್ರೋ. ಮೇಲ್‌ನಲ್ಲಿರುವ ಲಿಂಕ್‌ಗಳನ್ನು ಯುಆರ್‌ಎಲ್‌ವ್ಯೂ ಪ್ರೋಗ್ರಾಮಿಗೆ ಕೊಟ್ಟು ಪಟ್ಟಿ ಮಾಡಿಸುವುದು ಅದರ ಕೆಲಸ. ಮಟ್‌ನ ಪ್ರಶ್ನೆ ಸಾಲಿನಲ್ಲಿ, ಅಂದರೆ ವಿಷಯ ಅಥವಾ ವಿಳಾಸ ತಿದ್ದುವಾಗ, ಅದೇ ಕೀ ಕರ್ಸರನ್ನು ಒಂದು ಅಕ್ಷರ ಹಿಂದಕ್ಕೆ ಒಯ್ಯುತ್ತದೆ. ಆಲ್ಪೈನ್ ಎಂಬ ಇನ್ನೊಂದು ಮೇಲ್ ಪ್ರೋಗ್ರಾಮಿನ ಬರೆಯುವ ಪರದೆಯಲ್ಲೂ ಅದಕ್ಕೆ ಅದೇ ಅರ್ಥ. ಟಿಮಕ್ಸ್‌ಗೆ ಮಾತ್ರ ಕಂಟ್ರೋಲ್-ಬಿ ಎಂದರೆ ಪ್ರಿಫಿಕ್ಸ್: "ಮುಂದೆ ಬರುವ ಕೀ ನನ್ನದು" ಎಂಬ ಸೂಚನೆ. ಟಿಮಕ್ಸ್ ಮೊದಲು ತಯಾರಾದದ್ದು ಗ್ನು ಸ್ಕ್ರೀನ್ ಒಳಗೆ. ಸ್ಕ್ರೀನ್‌ನ ಕಂಟ್ರೋಲ್-ಎ ಜೊತೆ ಡಿಕ್ಕಿ ಆಗಬಾರದೆಂದು ಅದಕ್ಕೆ ಕಂಟ್ರೋಲ್-ಬಿ ಆರಿಸಲಾಯಿತು. ಅಲ್ಲಿ ತಪ್ಪಿದ ಡಿಕ್ಕಿ ಮೇಲ್ ಓದುವವರ ಪಾಲಿಗೆ ಬಂತು.

ಆಗುವುದು ಹೀಗೆ. ಲಿಂಕ್ ನೋಡಲು ಕಂಟ್ರೋಲ್-ಬಿ ಒತ್ತುತ್ತೀರಿ, ಪರದೆಯಲ್ಲಿ ಏನೂ ಆಗುವುದಿಲ್ಲ. ಕೈ ಸುಮ್ಮನಿರದೆ ಮಟ್‌ನ ಇನ್ನೊಂದು ಕೀ ಒತ್ತುತ್ತದೆ. ಆ ಕೀಯನ್ನು ಟಿಮಕ್ಸ್ ನುಂಗಿ ತನ್ನ ಅರ್ಥ ಮಾಡಿಕೊಳ್ಳುತ್ತದೆ. ಎರಡೂ ಕಡೆ ಅರ್ಥವಿರುವ ಅಕ್ಷರಗಳು ಸಾಕಷ್ಟಿರುವುದರಿಂದ, ಪರಿಣಾಮ ನೋಡಿಯೇ ಯಾವ ಕೀ ಒತ್ತಿದ್ದೆಂದು ಹೇಳಬಹುದು.

ಎನ್: ಮಟ್‌ನಲ್ಲಿ ಹುಡುಕಾಟದ ಮುಂದಿನ ಫಲಿತಾಂಶ, ಟಿಮಕ್ಸ್‌ನಲ್ಲಿ ಮುಂದಿನ ವಿಂಡೋ.
ಪಿ: ಅಲ್ಲಿ ಪ್ರಿಂಟ್, ಇಲ್ಲಿ ಹಿಂದಿನ ವಿಂಡೋ.
ಎಲ್: ಅಲ್ಲಿ ಪಟ್ಟಿಯನ್ನು ಸೋಸುವುದು, ಇಲ್ಲಿ ಕೊನೆಯ ಸಲ ಇದ್ದ ವಿಂಡೋಗೆ ಹೋಗುವುದು.
ಸಿ: ಅಲ್ಲಿ ಫೋಲ್ಡರ್ ಬದಲಿಸುವುದು, ಇಲ್ಲಿ ಹೊಸ ವಿಂಡೋ ತೆರೆಯುವುದು. "ಮೇಲ್ ಎಲ್ಲಾ ಹೋತು, ಖಾಲಿ ಪ್ರಾಂಪ್ಟ್ ಬಂತು" ಎಂಬ ದೂರು ಬಹಳಷ್ಟು ಸಲ ಇದೇ.
ಓ: ಅಲ್ಲಿ ವಿಂಗಡಣೆ, ಇಲ್ಲಿ ಮುಂದಿನ ಪೇನ್ (ಒಂದೇ ವಿಂಡೋವನ್ನು ಹಂಚಿ ಮಾಡಿದ ಭಾಗ).
ಎಸ್: ಅಲ್ಲಿ ಫೋಲ್ಡರಿಗೆ ಉಳಿಸುವುದು, ಇಲ್ಲಿ ಸೆಷನ್‌ಗಳ ಪಟ್ಟಿ.
ಡಬ್ಲ್ಯೂ: ಅಲ್ಲಿ ಮೇಲ್‌ಗೆ ಗುರುತು ಹಾಕುವುದು, ಇಲ್ಲಿ ವಿಂಡೋಗಳ ಪಟ್ಟಿ.
ಟಿ: ಅಲ್ಲಿ ಮೇಲ್ ಆಯ್ದುಕೊಳ್ಳುವುದು, ಇಲ್ಲಿ ಪರದೆ ತುಂಬ ಗಡಿಯಾರ.
ಡಿ: ಅಲ್ಲಿ ಅಳಿಸುವುದು, ಇಲ್ಲಿ ಸೆಷನ್‌ನಿಂದ ಹೊರಬರುವುದು.
ಅಂಕಿ: ಅಲ್ಲಿ ಆ ಸಂಖ್ಯೆಯ ಮೇಲ್‌ಗೆ ಹೋಗುವುದು, ಇಲ್ಲಿ ಆ ಸಂಖ್ಯೆಯ ವಿಂಡೋಗೆ ಹೋಗುವುದು.

ಪರಿಹಾರ ಎರಡು. ಕಂಟ್ರೋಲ್-ಬಿ ಎರಡು ಸಲ ಒತ್ತಿದರೆ ಎರಡನೆಯದನ್ನು ಟಿಮಕ್ಸ್ ಮಟ್‌ಗೆ ದಾಟಿಸುತ್ತದೆ. ದಿನಕ್ಕೆ ಒಂದೆರಡು ಸಲ ಲಿಂಕ್ ತೆರೆಯುವವರಿಗೆ ಇದೇ ಸಾಕು, ಬೇರೇನೂ ತಿದ್ದಬೇಕಿಲ್ಲ. ಬರೆಯುವಾಗ ಕರ್ಸರ್ ಹಿಂದೆ ಸರಿಸಲು ಕಂಟ್ರೋಲ್-ಬಿ ರೂಢಿಯಾದವರು ಪ್ರಿಫಿಕ್ಸನ್ನೇ ಬದಲಿಸುವುದು ಒಳ್ಳೆಯದು. ಟಿಮಕ್ಸ್.ಕಾನ್ಫ್ ಫೈಲಿನಲ್ಲಿ ಮೂರು ಸಾಲು:

ಅನ್‌ಬೈಂಡ್ ಸಿ-ಬಿ
ಸೆಟ್ -ಜಿ ಪ್ರಿಫಿಕ್ಸ್ ಸಿ-]
ಬೈಂಡ್ ಸಿ-] ಸೆಂಡ್-ಪ್ರಿಫಿಕ್ಸ್

ಇಲ್ಲಿ ಸಿ ದೊಡ್ಡಕ್ಷರ. ಕಂಟ್ರೋಲ್-ಎ ಬೇಡ, ಶೆಲ್‌ನಲ್ಲಿ ಸಾಲಿನ ಆರಂಭಕ್ಕೆ ಹೋಗಲು ಅದು ಬೇಕು. ಕಂಟ್ರೋಲ್-ಸ್ಪೇಸ್ ಹಲವರಿಗೆ ಪ್ರಿಯ, ಆದರೆ ಕನ್ನಡ ಟೈಪಿಸಲು ಎಫ್‌ಸಿಟಿಎಕ್ಸ್ ಬಳಸುವವರಿಗೆ ಭಾಷೆ ಬದಲಿಸುವ ಕೀ ಅದೇ. ಅಲ್ಲಿ ಹೊಸ ಡಿಕ್ಕಿ ಹುಟ್ಟುತ್ತದೆ.

ಗ್ನು ಸ್ಕ್ರೀನ್ ಬಳಸುವವರಲ್ಲಿ ಇದೇ ರೋಗ ಕಂಟ್ರೋಲ್-ಎ ಮೇಲೆ ಬರುತ್ತದೆ, ಅದೂ ಇನ್ನಷ್ಟು ಜೋರಾಗಿ. ಆಲ್ಪೈನ್‌ನಲ್ಲಿ ಉತ್ತರ ಬರೆಯುತ್ತ ಸಾಲಿನ ಆರಂಭಕ್ಕೆ ಹೋಗಲು ಕಂಟ್ರೋಲ್-ಎ ಒತ್ತಿ, ಕೂಡಲೇ ಪದ ಟೈಪಿಸಲು ತೊಡಗಿದರೆ ಮೊದಲ ಅಕ್ಷರ ಸ್ಕ್ರೀನ್‌ನ ಪಾಲು. ಎನ್ ಅಥವಾ ಸ್ಪೇಸ್ ಆದರೆ ಮುಂದಿನ ವಿಂಡೋ, ಪಿ ಅಥವಾ ಬ್ಯಾಕ್‌ಸ್ಪೇಸ್ ಆದರೆ ಹಿಂದಿನದು. ಏನೂ ಆಗಲಿಲ್ಲವೆಂದು ಕಂಟ್ರೋಲ್-ಎ ಎರಡು ಸಲ ಒತ್ತಿದರೆ ಮೊದಲು ಇದ್ದ ವಿಂಡೋಗೆ ಜಿಗಿತ. ಟಿಮಕ್ಸ್‌ನಲ್ಲಿ ಎರಡು ಸಲ ಒತ್ತುವುದು ಕೀಯನ್ನು ದಾಟಿಸುವ ದಾರಿ, ಸ್ಕ್ರೀನ್‌ನಲ್ಲಿ ಅದೇ ಜಿಗಿತದ ಕಾರಣ. ಸ್ಕ್ರೀನ್‌ನಲ್ಲಿ ದಾಟಿಸಬೇಕಾದರೆ ಕಂಟ್ರೋಲ್-ಎ ಆದ ಮೇಲೆ ಬರಿಯ ಎ ಒತ್ತಬೇಕು. ಒಂದರಿಂದ ಇನ್ನೊಂದಕ್ಕೆ ಬಂದವರ ಕೈ ತಪ್ಪುವುದು ಇಲ್ಲೇ.

ಮೌಸ್ ಚಕ್ರ ಮತ್ತು ಟಚ್‌ಪ್ಯಾಡ್

ಕೀ ಏನೂ ಒತ್ತಿಲ್ಲ ಎಂದು ಬಳಕೆದಾರರು ಗಟ್ಟಿಯಾಗಿ ಹೇಳಿದರೆ ನಂಬಿ, ಮೌಸ್ ಕಡೆ ನೋಡಿ.

ಟಿಮಕ್ಸ್‌ನಲ್ಲಿ ಮೌಸ್ ಆನ್ ಇದ್ದಾಗ, ಕೆಳಗಿನ ಹಸಿರು ಪಟ್ಟಿಯ ಮೇಲೆ ಕರ್ಸರ್ ಇಟ್ಟು ಚಕ್ರ ತಿರುಗಿಸಿದರೆ ವಿಂಡೋ ಬದಲಾಗುತ್ತದೆ: ಕೆಳಕ್ಕೆ ತಿರುಗಿಸಿದರೆ ಮುಂದಿನದು, ಮೇಲಕ್ಕೆ ತಿರುಗಿಸಿದರೆ ಹಿಂದಿನದು. ಇದು ದೋಷವಲ್ಲ, ಟಿಮಕ್ಸ್ ತಾನಾಗಿ ಕೊಡುವ ಸೌಲಭ್ಯ. ಆದರೆ ಲ್ಯಾಪ್‌ಟಾಪ್‌ನಲ್ಲಿ ಕೈ ಟಚ್‌ಪ್ಯಾಡ್ ಮೇಲೆ ಸ್ವಲ್ಪ ಉಜ್ಜಿದರೂ ಅದು ಚಕ್ರ ತಿರುಗಿದಂತೆ. ಉದ್ದನೆಯ ಮೇಲ್ ಓದುವಾಗ ಕರ್ಸರ್ ಕೆಳಗೆ ಸರಿದು ಪಟ್ಟಿಯ ಮೇಲೆ ನಿಂತಿರುವುದು ಗಮನಕ್ಕೆ ಬರುವುದಿಲ್ಲ. ಎರಡು ಸಾಲಿನಲ್ಲಿ ಬಂದ್ ಮಾಡಬಹುದು:

ಅನ್‌ಬೈಂಡ್ -ಎನ್ ವೀಲ್‌ಅಪ್‌ಸ್ಟೇಟಸ್
ಅನ್‌ಬೈಂಡ್ -ಎನ್ ವೀಲ್‌ಡೌನ್‌ಸ್ಟೇಟಸ್

ವೀಲ್, ಅಪ್, ಡೌನ್, ಸ್ಟೇಟಸ್ ಪದಗಳನ್ನು ಜಾಗ ಬಿಡದೆ ಕೂಡಿಸಿ, ಪ್ರತಿಯೊಂದರ ಮೊದಲ ಅಕ್ಷರ ದೊಡ್ಡದಾಗಿ ಬರೆಯಬೇಕು. ಈ ಹೆಸರುಗಳು ಟಿಮಕ್ಸ್ 2.1 ಮತ್ತು ನಂತರದ ಆವೃತ್ತಿಗಳಿಗೆ. 2015ರಲ್ಲಿ ಬಂದ 2.1ರಲ್ಲೇ ಹಳೆಯ ನಾಲ್ಕಾರು ಮೌಸ್ ಆಯ್ಕೆಗಳು ಹೋಗಿ ಮೌಸ್ ಎಂಬ ಒಂದೇ ಆಯ್ಕೆ ಉಳಿಯಿತು. ಹಳೆಯ ಸರ್ವರ್‌ನಲ್ಲಿ ಟಿಮಕ್ಸ್ -ವಿ ಎಂದು ಕೊಟ್ಟು ಮೊದಲು ಆವೃತ್ತಿ ನೋಡಿಕೊಳ್ಳಿ, ವಿ ದೊಡ್ಡಕ್ಷರ.

ಹಾಗಾದರೆ ಮೌಸನ್ನೇ ಆಫ್ ಮಾಡಿದರಾಯಿತು ಎಂದು ಹಲವರು ಹೊರಡುತ್ತಾರೆ. ಆಗ ಬೇರೊಂದು ಜಿಗಿತ ಶುರುವಾಗುತ್ತದೆ. ಗ್ನೋಮ್ ಟರ್ಮಿನಲ್‌ನಂಥವು, ಪೂರ್ಣ ಪರದೆಯ ಪ್ರೋಗ್ರಾಮ್ ಮೌಸ್ ಕೇಳದೆ ಇದ್ದಾಗ ಚಕ್ರದ ತಿರುಗುವಿಕೆಯನ್ನು ಮೇಲೆ-ಕೆಳಗೆ ಬಾಣದ ಕೀಗಳಾಗಿ ಪರಿವರ್ತಿಸಿ ಕಳಿಸುತ್ತವೆ. ಮಟ್‌ನಲ್ಲಿ ಮೇಲ್ ತೆರೆದಿರುವಾಗ ಈ ಬಾಣದ ಕೀಗಳ ಅರ್ಥ ಸಾಲು ಸರಿಸುವುದಲ್ಲ, ಹಿಂದಿನ ಅಥವಾ ಮುಂದಿನ ಮೇಲ್‌ಗೆ ಹೋಗುವುದು. ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಮೂರ್ನಾಲ್ಕು ಮೇಲ್ ದಾಟಿ ಎಲ್ಲೋ ಇರುತ್ತೀರಿ. ದಾಟಿದ ಮೇಲ್‌ಗಳೆಲ್ಲ ಓದಿದವು ಎಂದು ಗುರುತಾಗಿರುತ್ತವೆ, ನಿಜವಾದ ನಷ್ಟ ಅದು. ಮುಖ್ಯ ಮೇಲ್ ಒಂದು ಹಾಗೇ ಕಣ್ಣು ತಪ್ಪುತ್ತದೆ.

ಇದರ ಪರಿಹಾರ ಮಟ್‌ನ ಮಟ್‌ಆರ್‌ಸಿ ಫೈಲಿನಲ್ಲಿ:

ಬೈಂಡ್ ಪೇಜರ್ <ಅಪ್> ಪ್ರೀವಿಯಸ್-ಲೈನ್
ಬೈಂಡ್ ಪೇಜರ್ <ಡೌನ್> ನೆಕ್ಸ್ಟ್-ಲೈನ್

ಜೆ ಮತ್ತು ಕೆ ಕೀಗಳು ಎಂದಿನಂತೆ ಮೇಲ್ ಬದಲಿಸುತ್ತವೆ. ಬಾಣ ಮತ್ತು ಚಕ್ರ ಮಾತ್ರ ಸಾಲು ಸರಿಸುತ್ತವೆ. ಮೌಸ್ ಆನ್ ಇರಲಿ ಆಫ್ ಇರಲಿ, ಮೇಲೆ ಹೇಳಿದ ನಾಲ್ಕೂ ಸಾಲು ಹಾಕಿಡುವುದು ಲೇಸು.

ಮಟ್ ತಾನೇ ಜಿಗಿಯುವುದು

ನಕ್ಷತ್ರ ಅಲುಗಾಡದಿದ್ದರೆ ಇಲ್ಲಿ ಹುಡುಕಿ.

ಸ್ಪೇಸ್ ಒತ್ತುತ್ತ ಮೇಲ್ ಓದಿ, ಕೊನೆಯ ಪುಟ ಬಂದ ಮೇಲೆ ಇನ್ನೊಮ್ಮೆ ಒತ್ತಿದರೆ ಮಟ್ ಮುಂದಿನ ಮೇಲ್ ತೆರೆಯುತ್ತದೆ. ಚಿಕ್ಕ ಮೇಲ್ ಆದರೆ ಮೊದಲ ಒತ್ತಿಗೇ ಹೀಗಾಗುತ್ತದೆ. ಸೆಟ್ ಪೇಜರ್_ಸ್ಟಾಪ್=ಯೆಸ್ ಎಂದು ಹಾಕಿದರೆ ಕೊನೆಯಲ್ಲೇ ನಿಲ್ಲುತ್ತದೆ. ಈಗ ಏನಿದೆ ಎಂದು ನೋಡಲು ಶೆಲ್‌ನಲ್ಲಿ ಮಟ್ -ಕ್ಯೂ ಪೇಜರ್_ಸ್ಟಾಪ್ ಎಂದು ಕೇಳಿ, ಕ್ಯೂ ದೊಡ್ಡಕ್ಷರ.

ಡಿ ಒತ್ತಿ ಅಳಿಸಿದ ಕೂಡಲೇ ಮುಂದಿನ ಮೇಲ್ ಬರುವುದು ರಿಸಾಲ್ವ್ ಎಂಬ ಆಯ್ಕೆಯಿಂದ, ಅದು ಮೊದಲಿನಿಂದಲೇ ಚಾಲೂ. ಪಟ್ಟಿಯಲ್ಲಿ ಇದು ಅನುಕೂಲ, ತೆರೆದ ಮೇಲ್‌ನಲ್ಲಿ ಕೆಲವರಿಗೆ ಕಿರಿಕಿರಿ. ಅನ್‌ಸೆಟ್ ರಿಸಾಲ್ವ್ ಎಂದರೆ ನಿಲ್ಲುತ್ತದೆ. ಆದರೆ ಪಟ್ಟಿಯಲ್ಲಿ ಒಂದರ ಹಿಂದೊಂದು ಅಳಿಸುವಾಗಲೂ ಕೈಯಾರೆ ಕೆಳಗಿಳಿಯಬೇಕಾಗುತ್ತದೆ. ಇದನ್ನು ಹಾಗೇ ಬಿಡುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಕಂಟ್ರೋಲ್-ಜೆಡ್ ತಾಗಿದರೆ ಮಟ್ ಹಿಂದೆ ಸರಿದು ಶೆಲ್ ಕಾಣುತ್ತದೆ. ಬಳಕೆದಾರರು ಇನ್ನೊಂದು ಮಟ್ ಶುರು ಮಾಡುತ್ತಾರೆ, ಹಳೆಯದು ಹಿನ್ನೆಲೆಯಲ್ಲಿ ಅದೇ ಮೇಲ್‌ಬಾಕ್ಸ್ ಹಿಡಿದುಕೊಂಡು ಕುಳಿತಿರುತ್ತದೆ. ಜಾಬ್ಸ್ ಎಂದು ಕೊಟ್ಟು ನೋಡಿ, ಎಫ್‌ಜಿ ಎಂದು ಕೊಟ್ಟು ಮರಳಿ ಕರೆಯಿರಿ. ಮಟ್‌ಆರ್‌ಸಿಯಲ್ಲಿ ಅನ್‌ಸೆಟ್ ಸಸ್ಪೆಂಡ್ ಹಾಕಿದರೆ ಮತ್ತೆ ಆಗದು. ಕ್ಯೂ ಎರಡು ಸಲ ಒತ್ತಿ ಪೂರ್ತಿ ಹೊರಬರುವವರಿಗೆ ಸೆಟ್ ಕ್ವಿಟ್=ಆಸ್ಕ್-ಯೆಸ್ ಉಪಯುಕ್ತ, ಹೊರಹೋಗುವ ಮೊದಲು ಕೇಳುತ್ತದೆ.

ಎಚ್‌ಟಿಎಂಎಲ್ ಮೇಲ್ ತೆರೆದಾಗ ಬ್ರೌಸರ್ ಮುಂದೆ ಬಂದರೆ ಕಾರಣ ಮೇಲ್‌ಕ್ಯಾಪ್ ಫೈಲ್, ಯಾವುದನ್ನು ಯಾವ ಪ್ರೋಗ್ರಾಮ್ ತೆರೆಯಬೇಕೆಂದು ಹೇಳುವುದು ಅದೇ. ಅಲ್ಲಿ ಟೆಕ್ಸ್ಟ್/ಎಚ್‌ಟಿಎಂಎಲ್ ಸಾಲಿನ ಮುಂದೆ ಬ್ರೌಸರ್ ಹೆಸರಿದ್ದರೆ, ಅದರ ಮೇಲೆ ಡಬ್ಲ್ಯೂ3ಎಂ ಎಂಬ ಪಠ್ಯ ಬ್ರೌಸರನ್ನು ಕರೆಯುವ ಇನ್ನೊಂದು ಸಾಲು ಸೇರಿಸಿ, ಕೊನೆಯಲ್ಲಿ ಕೋಪಿಯಸ್‌ಔಟ್‌ಪುಟ್ ಎಂಬ ಗುರುತು ಹಾಕಿ. ಮಟ್‌ಆರ್‌ಸಿಯಲ್ಲಿ ಆಟೋ_ವ್ಯೂ ಟೆಕ್ಸ್ಟ್/ಎಚ್‌ಟಿಎಂಎಲ್ ಎಂದು ಬರೆಯಿರಿ. ಮೇಲ್ ಒಳಗೇ ಪಠ್ಯವಾಗಿ ತೆರೆಯುತ್ತದೆ.

ಮಟ್ 2.0 ಬಂದ 2020ರ ನಂತರ ಇನ್ನೊಂದು ಕಾರಣ ಸೇರಿದೆ. ಬ್ಯಾಕ್‌ಗ್ರೌಂಡ್_ಎಡಿಟ್ ಚಾಲೂ ಮಾಡಿ, ಟಿಮಕ್ಸ್‌ಗಾಗಿ ಮಟ್ ಜೊತೆ ಬರುವ ಸ್ಕ್ರಿಪ್ಟನ್ನು ಎಡಿಟರ್ ಆಗಿ ಇಟ್ಟುಕೊಂಡರೆ, ಉತ್ತರ ಬರೆಯಲು ಹೊಸ ವಿಂಡೋ ತೆರೆಯುತ್ತದೆ. ಬೇರೆಯವರ ಕಾನ್ಫಿಗ್ ನಕಲು ಮಾಡಿಕೊಂಡವರಿಗೆ ಇದು ಅನಿರೀಕ್ಷಿತ. ಬೇಡವಾದರೆ ಅನ್‌ಸೆಟ್ ಬ್ಯಾಕ್‌ಗ್ರೌಂಡ್_ಎಡಿಟ್, ಜೊತೆಗೆ ಎಡಿಟರ್ ಸಾಲಿನಲ್ಲಿ ವಿಮ್ ಅಥವಾ ನ್ಯಾನೋ ಹೆಸರು. ಎರಡನ್ನೂ ಬದಲಿಸಬೇಕು, ಒಂದನ್ನೇ ಬದಲಿಸಿದರೆ ಎಡಿಟರ್ ಅರ್ಧಂಬರ್ಧ ವರ್ತಿಸುತ್ತದೆ.

ವಿಷಯದ ಸಾಲು ಕನ್ನಡದಲ್ಲಿದ್ದರೆ ಕೆಲವು ಟರ್ಮಿನಲ್‌ಗಳಲ್ಲಿ ಪರದೆ ಕಲಸಿಹೋಗುತ್ತದೆ. ಒತ್ತಕ್ಷರಗಳ ಅಗಲವನ್ನು ಟರ್ಮಿನಲ್ ಒಂದು ರೀತಿ, ಮಟ್ ಇನ್ನೊಂದು ರೀತಿ ಎಣಿಸಿದಾಗ ಹಿಂದಿನ ಪರದೆಯ ಚೂರುಗಳು ಉಳಿದು ಬೇರೆ ವಿಂಡೋ ಬಂದಂತೆ ಕಾಣುತ್ತದೆ. ಕಂಟ್ರೋಲ್-ಎಲ್ ಒತ್ತಿ. ಸರಿಯಾದರೆ ಅದು ಜಿಗಿತವೇ ಅಲ್ಲ, ಬರೀ ಚಿತ್ರಣದ ತೊಂದರೆ.

ಎಸ್ಕೇಪ್ ಕೀ ಮತ್ತು ಅರ್ಧ ಸೆಕೆಂಡಿನ ಗೊಂದಲ

ಇದು ಸೂಕ್ಷ್ಮ, ನಿಧಾನವಾಗಿ ಓದಬೇಕು. ಟರ್ಮಿನಲ್‌ನಲ್ಲಿ ಆಲ್ಟ್ ಹಿಡಿದು 3 ಒತ್ತಿದರೂ, ಎಸ್ಕೇಪ್ ಒತ್ತಿ ಬಿಟ್ಟು 3 ಒತ್ತಿದರೂ ಹೋಗುವ ಸಂಕೇತ ಒಂದೇ. ಎರಡರ ನಡುವೆ ವ್ಯತ್ಯಾಸ ಮಾಡಲು ಟಿಮಕ್ಸ್‌ಗೆ ಇರುವ ಆಧಾರ ಸಮಯ ಮಾತ್ರ. ಎಸ್ಕೇಪ್ ಬಂದ ಮೇಲೆ ಎಸ್ಕೇಪ್-ಟೈಮ್ ಎಂಬಷ್ಟು ಹೊತ್ತು ಕಾಯುತ್ತದೆ. ಅಷ್ಟರೊಳಗೆ ಇನ್ನೊಂದು ಕೀ ಬಂದರೆ ಎರಡನ್ನೂ ಕೂಡಿಸಿ ಆಲ್ಟ್ ಎಂದು ಓದುತ್ತದೆ. 3.4ರವರೆಗಿನ ಆವೃತ್ತಿಗಳಲ್ಲಿ ಈ ಕಾಯುವಿಕೆ 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡ್. 3.5ರಿಂದ 10 ಮಿಲಿಸೆಕೆಂಡಿಗೆ ಇಳಿಸಲಾಗಿದೆ.

ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಟಿಮಕ್ಸ್ ಕಾನ್ಫಿಗ್‌ಗಳಲ್ಲಿ ಆಲ್ಟ್ ಜೊತೆ ಅಂಕಿ ಒತ್ತಿದರೆ ವಿಂಡೋ ಬದಲಾಗುವ ಸಾಲುಗಳಿರುತ್ತವೆ, ಕೆಲವದರಲ್ಲಿ ಆಲ್ಟ್-ಎನ್ ಮತ್ತು ಆಲ್ಟ್-ಪಿ. ಮಟ್‌ನಲ್ಲಿ ಎಸ್ಕೇಪ್ ಎನ್ ಎಂದರೆ ಮುಂದಿನ ಉಪಸರಣಿ (ಒಂದು ಮೇಲ್‌ಗೆ ಬಂದ ಉತ್ತರಗಳ ಕವಲು), ಎಸ್ಕೇಪ್ ಪಿ ಎಂದರೆ ಹಿಂದಿನದು. ಅವನ್ನು ಒತ್ತಿದವರಿಗೆ ಸಿಗುವುದು ವಿಂಡೋ ಜಿಗಿತ. ಇನ್ನು ಮಟ್‌ನ ಯಾವುದೋ ಪ್ರಶ್ನೆಯಿಂದ ಹೊರಬರಲು ಎಸ್ಕೇಪ್ ಒತ್ತಿ, ಕೂಡಲೇ ಮೇಲ್ ಸಂಖ್ಯೆ 3 ಒತ್ತಿದರೂ ಇದೇ ಗತಿ. ಮಟ್‌ನಲ್ಲಿ ಪ್ರಶ್ನೆ ರದ್ದು ಮಾಡುವ ಸರಿಯಾದ ಕೀ ಕಂಟ್ರೋಲ್-ಜಿ, ಅದನ್ನೇ ರೂಢಿ ಮಾಡಿಕೊಳ್ಳಿ.

ಪರೀಕ್ಷೆ ಸುಲಭ. ಎಸ್ಕೇಪ್ ಒತ್ತಿ, ಒಂದು ಪೂರ್ತಿ ಸೆಕೆಂಡ್ ಬಿಟ್ಟು ಅಂಕಿ ಒತ್ತಿ. ಆಗ ಜಿಗಿಯದೆ, ಬೇಗ ಒತ್ತಿದಾಗ ಜಿಗಿದರೆ ಕಾರಣ ಇದೇ. ಟಿಮಕ್ಸ್ ಲಿಸ್ಟ್-ಕೀಸ್ -ಟಿ ರೂಟ್ ಎಂದು ಕೊಟ್ಟರೆ, ಟಿ ದೊಡ್ಡಕ್ಷರ, ಪ್ರಿಫಿಕ್ಸ್ ಇಲ್ಲದೆ ಟಿಮಕ್ಸ್ ಹಿಡಿಯುವ ಎಲ್ಲ ಕೀಗಳೂ ಕಾಣುತ್ತವೆ. ಅದರಲ್ಲಿ ದೊಡ್ಡ ಎಂ ಮತ್ತು ಅಡ್ಡಗೆರೆಯಿಂದ ಶುರುವಾಗುವವು ಆಲ್ಟ್ ಕೀಗಳು. ಬೇಡದ್ದನ್ನು ಅನ್‌ಬೈಂಡ್ -ಎನ್ ಮಾಡಿ.

ಕಾಯುವಿಕೆಯನ್ನು ಎಷ್ಟಕ್ಕೆ ಇಡಬೇಕು? ಅದೇ ಯಂತ್ರದಲ್ಲಿ ಅಥವಾ ಕಚೇರಿ ನೆಟ್‌ವರ್ಕ್‌ನಲ್ಲಿ ಕೆಲಸವಾದರೆ 20 ಸಾಕು. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಎಸ್‌ಎಸ್‌ಎಚ್ ಮಾಡುವವರು, ಬಾಗಲಕೋಟೆಯಿಂದ ಆಲಮಟ್ಟಿ ದಾಟಿ ವಿಜಯಪುರಕ್ಕೆ ರೈಲಿನಲ್ಲಿ ಹೋಗುತ್ತ ಮೇಲ್ ನೋಡುವವರು 100ರಿಂದ 200 ಇಟ್ಟುಕೊಳ್ಳಲಿ. ಏಕೆಂದರೆ ಬಾಣದ ಕೀ ಕೂಡ ಎಸ್ಕೇಪ್‌ನಿಂದ ಶುರುವಾಗುವ ಮೂರು ಸಂಕೇತಗಳ ಗೊಂಚಲು. ಸಿಗ್ನಲ್ ತಡವರಿಸಿ ಗೊಂಚಲು ಒಡೆದರೆ, ಕಾಯುವಿಕೆ ತೀರಾ ಕಡಿಮೆ ಇರುವಲ್ಲಿ ಎಸ್ಕೇಪ್ ಬೇರೆ, ಉಳಿದ ಅಕ್ಷರ ಬೇರೆ ಆಗುತ್ತವೆ. ಎಡ ಬಾಣದ ಕೊನೆಯ ಅಕ್ಷರ ದೊಡ್ಡ ಡಿ, ಮಟ್ ಪಟ್ಟಿಯಲ್ಲಿ ಅದು ಮಾದರಿಗೆ ಹೊಂದುವ ಮೇಲ್‌ಗಳನ್ನೆಲ್ಲ ಅಳಿಸುವ ಆದೇಶ. ಬಲ ಬಾಣದ್ದು ದೊಡ್ಡ ಸಿ, ನಕಲು ಮಾಡುವ ಆದೇಶ. ನೆಟ್‌ವರ್ಕ್ ಕೆಟ್ಟಾಗ ಕೇಳದೇ ಬಂದ ಅಳಿಸುವ ಪ್ರಶ್ನೆಗೆ ಎಂಟರ್ ಒತ್ತಬೇಡಿ, ಕಂಟ್ರೋಲ್-ಜಿ ಒತ್ತಿ.

ಇದಕ್ಕೆ ಹತ್ತಿರದ್ದು ರಿಪೀಟ್-ಟೈಮ್. ಪ್ರಿಫಿಕ್ಸ್ ಮತ್ತು ಬಾಣದಿಂದ ಪೇನ್ ಬದಲಿಸಿದ ಮೇಲೆ 500 ಮಿಲಿಸೆಕೆಂಡ್ ಒಳಗೆ ಒತ್ತಿದ ಬಾಣವೂ ಪೇನ್ ಬದಲಿಸುತ್ತದೆ, ಪ್ರಿಫಿಕ್ಸ್ ಬೇಕಿಲ್ಲ. ಮಟ್ ಪೇನ್‌ಗೆ ಬಂದು ಕೂಡಲೇ ಕೆಳಗಿನ ಮೇಲ್‌ಗೆ ಇಳಿಯಲು ಬಾಣ ಒತ್ತಿದರೆ ಮತ್ತೊಂದು ಪೇನ್‌ಗೆ ಹೋಗಿಬಿಡುತ್ತೀರಿ. ಸೆಟ್ -ಜಿ ರಿಪೀಟ್-ಟೈಮ್ 0 ಹಾಕಿ ನೋಡಿ.

ಕೀ ಅಲ್ಲ, ಮೌಸ್ ಅಲ್ಲ

ಕೈ ಕಟ್ಟಿ ಕುಳಿತಾಗಲೂ ಜಿಗಿದರೆ ಎರಡು ಸಾಧ್ಯತೆ.

ಮೊದಲನೆಯದು, ಅದೇ ಸೆಷನ್‌ಗೆ ಇನ್ನೊಂದು ಕಡೆಯಿಂದ ಯಾರೋ ಅಟ್ಯಾಚ್ ಆಗಿದ್ದಾರೆ. ಟಿಮಕ್ಸ್‌ನಲ್ಲಿ ಈಗಿನ ವಿಂಡೋ ಯಾವುದೆಂಬುದು ಸೆಷನ್‌ಗೆ ಸೇರಿದ್ದು, ನೋಡುತ್ತಿರುವವರಿಗಲ್ಲ. ಉದ್ಯಮಬಾಗದ ಕಚೇರಿಯ ಕಂಪ್ಯೂಟರ್‌ನಲ್ಲಿ ಸೆಷನ್ ತೆರೆದಿಟ್ಟು ಶಹಾಪುರದ ಮನೆಯಲ್ಲಿ ಮತ್ತೆ ಅಟ್ಯಾಚ್ ಆದರೆ, ಕಚೇರಿಯಲ್ಲಿ ಉಳಿದವರು ವಿಂಡೋ ಬದಲಿಸಿದಾಗ ಮನೆಯ ಪರದೆಯೂ ಬದಲಾಗುತ್ತದೆ. ಟಿಮಕ್ಸ್ ಲಿಸ್ಟ್-ಕ್ಲೈಂಟ್ಸ್ ಎಂದು ಕೊಡಿ. ಒಂದಕ್ಕಿಂತ ಹೆಚ್ಚು ಸಾಲು ಕಂಡರೆ ಕಾರಣ ಸಿಕ್ಕಿತು. ಟಿಮಕ್ಸ್ ಅಟ್ಯಾಚ್ -ಡಿ ಎಂದು ಒಳಬಂದರೆ ಉಳಿದವರು ಹೊರಬೀಳುತ್ತಾರೆ. ಇಬ್ಬರೂ ಇರಲೇಬೇಕಾದರೆ ಟಿಮಕ್ಸ್ ನ್ಯೂ-ಸೆಷನ್ -ಟಿ ಮತ್ತು ಹಳೆಯ ಸೆಷನ್ ಹೆಸರು ಕೊಡಿ, ಇಲ್ಲಿ ಟಿ ಸಣ್ಣಕ್ಷರ. ವಿಂಡೋಗಳು ಇಬ್ಬರಿಗೂ ಅವೇ, ಆದರೆ ಯಾವುದನ್ನು ನೋಡುವುದು ಎಂಬುದು ಅವರವರ ಪಾಲಿಗೆ. ಗ್ನು ಸ್ಕ್ರೀನ್‌ನ -ಎಕ್ಸ್ ಆಯ್ಕೆಯಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಪ್ರತಿಯೊಬ್ಬರ ವಿಂಡೋ ಬೇರೆ.

ಎರಡನೆಯದು ಸ್ಕ್ರಿಪ್ಟ್. ಗಡಿಯಾರ ನೋಡಿಕೊಳ್ಳಿ: ಜಿಗಿತ ಪ್ರತಿ ಐದು ಅಥವಾ ಹತ್ತು ನಿಮಿಷಕ್ಕೆ ಸರಿಯಾಗಿ ಆಗುತ್ತಿದ್ದರೆ, ಅಥವಾ ಹೊಸ ಮೇಲ್ ಬಂದಾಗಲೇ ಆಗುತ್ತಿದ್ದರೆ, ಬೆರಳಿನ ತಪ್ಪಲ್ಲ. ಗೊತ್ತಾದ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ಕ್ರಾನ್‌ನ ಪಟ್ಟಿ, ಅಂದರೆ ಕ್ರಾಂಟ್ಯಾಬ್ ನೋಡಿ, ಮಟ್‌ನ ನ್ಯೂ_ಮೇಲ್_ಕಮಾಂಡ್ ನೋಡಿ, ಟಿಮಕ್ಸ್ ಶೋ-ಹುಕ್ಸ್ -ಜಿ ಕೊಟ್ಟು ನೋಡಿ. ಮೇಲ್ ಇಳಿಸುವ ಸ್ಕ್ರಿಪ್ಟ್‌ನಲ್ಲಿ ಟಿಮಕ್ಸ್ ನ್ಯೂ-ವಿಂಡೋ ಎಂದಷ್ಟೇ ಬರೆದಿದ್ದರೆ ಹೊಸ ವಿಂಡೋ ತೆರೆದು ಪರದೆಯೂ ಅಲ್ಲಿಗೇ ಹೋಗುತ್ತದೆ. ನ್ಯೂ-ವಿಂಡೋ -ಡಿ ಎಂದು ಬರೆದರೆ ಹಿಂದೆಯೇ ತೆರೆದುಕೊಂಡು ಕೆಲಸ ಮುಗಿಸುತ್ತದೆ. ಸ್ಕ್ರಿಪ್ಟ್ ಮುಗಿದು ವಿಂಡೋ ಮುಚ್ಚಿದಾಗ, ರಿನಂಬರ್-ವಿಂಡೋಸ್ ಆನ್ ಇದ್ದರೆ ಉಳಿದ ವಿಂಡೋಗಳ ಅಂಕಿಗಳು ಸರಿದುಹೋಗುತ್ತವೆ. 2 ಎಂದರೆ ಮೇಲ್ ಎಂದು ರೂಢಿಯಾದ ಬೆರಳು ಬೇರೆಡೆ ಹೋಗುತ್ತದೆ. ಮೇಲ್ ವಿಂಡೋವನ್ನು ಮೊದಲನೆಯದಾಗಿ ಇಟ್ಟುಕೊಂಡರೆ ಅದರ ಅಂಕಿ ಸರಿಯುವುದಿಲ್ಲ.

ಎಷ್ಟು ನೋಡಿದರೂ ಯಾರು ಸರಿಸಿದರು ಎಂದು ತಿಳಿಯದಿದ್ದರೆ ಲೆಕ್ಕ ಬರೆಸಿ. ಟಿಮಕ್ಸ್ ಒಳಗೆ ಪ್ರಿಫಿಕ್ಸ್ ಮತ್ತು ಕೋಲನ್ ಚಿಹ್ನೆ (:) ಒತ್ತಿ, ಬಂದ ಸಾಲಿನಲ್ಲಿ:

ಸೆಟ್-ಹುಕ್ -ಜಿ ಸೆಷನ್-ವಿಂಡೋ-ಚೇಂಜ್ಡ್ 'ರನ್-ಶೆಲ್ "ಡೇಟ್ >> /ಟಿಎಂಪಿ/ಜಿಗಿತ"'

ವಿಂಡೋ ಬದಲಾದಾಗಲೆಲ್ಲ ಆ ಫೈಲಿನಲ್ಲಿ ಒಂದು ಸಮಯ ಸೇರುತ್ತದೆ. ಅರ್ಧ ದಿನದ ಪಟ್ಟಿಯನ್ನು ಕ್ರಾನ್ ಸಮಯಗಳ ಜೊತೆ ಹೋಲಿಸಿದರೆ ಸತ್ಯ ಹೊರಬೀಳುತ್ತದೆ. ಮುಗಿದ ಮೇಲೆ ಸೆಟ್-ಹುಕ್ -ಜಿಯು ಮತ್ತು ಅದೇ ಹೆಸರು ಕೊಟ್ಟು ತೆಗೆದುಹಾಕಿ.

ಹೊರಗಿನ ನಾಕಾಗಳು

ಗ್ನೋಮ್ ಟರ್ಮಿನಲ್‌ನಲ್ಲಿ ಆಲ್ಟ್ ಜೊತೆ ಅಂಕಿ, ಕಂಟ್ರೋಲ್ ಜೊತೆ ಪೇಜ್‌ಅಪ್ ಅಥವಾ ಪೇಜ್‌ಡೌನ್ ಒತ್ತಿದರೆ ಟ್ಯಾಬ್ ಬದಲಾಗುತ್ತದೆ. ಒಂದೇ ಟ್ಯಾಬ್ ಇಟ್ಟುಕೊಂಡು ಉಳಿದದ್ದನ್ನು ಟಿಮಕ್ಸ್‌ಗೆ ಬಿಡಿ, ಅಥವಾ ಪ್ರಿಫರೆನ್ಸಸ್‌ನಲ್ಲಿ ಶಾರ್ಟ್‌ಕಟ್‌ಗಳನ್ನು ಬಂದ್ ಮಾಡಿ. ಎಕ್ಸ್‌ಟರ್ಮ್ ಬಳಸುವವರು ಪಾಪ್‌ಆನ್‌ಬೆಲ್ ಚಾಲೂ ಮಾಡಿದ್ದರೆ, ಮಟ್ ಗಂಟೆ ಬಾರಿಸಿದಾಗಲೆಲ್ಲ ಆ ವಿಂಡೋ ಎಲ್ಲದರ ಮೇಲೆ ಬರುತ್ತದೆ.

ಬೆಳಗಾವಿ ಕಡೆ ಒಂದೇ ಯಂತ್ರದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರು ಲೇಔಟ್ ಇರುವುದು ಸಾಮಾನ್ಯ, ಬದಲಿಸಲು ಆಲ್ಟ್-ಶಿಫ್ಟ್ ಇಟ್ಟಿರುತ್ತಾರೆ. ಲೇಔಟ್ ಬದಲಿಸಲು ಹೋಗಿ ಆಲ್ಟ್ ಬಿಡುವ ಮೊದಲೇ ಅಕ್ಷರ ಒತ್ತಿದರೆ ಅದು ಆಲ್ಟ್ ಕೀಯಾಗಿ ಹೋಗುತ್ತದೆ, ಮುಂದಿನ ಕಥೆ ಎಸ್ಕೇಪ್ ಭಾಗದಲ್ಲಿ ಹೇಳಿದ್ದೇ. ಮಟ್‌ನಲ್ಲಿ ಕೆಲಸ ಮಾಡುವವರು ಬದಲಿಸುವ ಕೀಯನ್ನು ಸೂಪರ್-ಸ್ಪೇಸ್‌ಗೆ ಇಟ್ಟುಕೊಳ್ಳಲಿ.

ವಿಂಡೋಸ್‌ನಿಂದ ಎಸ್‌ಎಸ್‌ಎಚ್‌ಗೆ ಪುಟ್ಟಿ ಪ್ರೋಗ್ರಾಮ್ ಬಳಸುವವರಲ್ಲಿ ಶಿಫ್ಟ್ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಪೆಟ್ಟಿಗೆ ಮುಂದೆ ಬಂದು ನಿಲ್ಲುತ್ತದೆ. ನೋಡದೆ ಒಪ್ಪಿಬಿಟ್ಟರೆ ಆಮೇಲೆ ಕಂಟ್ರೋಲ್ ಒಮ್ಮೆ ತಾಗಿದರೂ ಮುಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ಬರಿಯ ಬಿ ಕೂಡ ಪ್ರಿಫಿಕ್ಸ್ ಆಗುತ್ತದೆ. ಬೇಸಿಗೆಯ ಧೂಳಿನಲ್ಲಿ ಕಂಟ್ರೋಲ್ ಅಥವಾ ಎಸ್ಕೇಪ್ ಕೀ ಸಿಕ್ಕಿಹಾಕಿಕೊಂಡ ಕೀಬೋರ್ಡ್ ಕೂಡ ಇದೇ ಲಕ್ಷಣ ತೋರುತ್ತದೆ. ಟಿಮಕ್ಸ್ ಹೊರಗೆ ಕ್ಯಾಟ್ -ವಿ ಓಡಿಸಿ ಒಂದೊಂದೇ ಕೀ ಒತ್ತಿ. ಒತ್ತದ ಸಂಕೇತ ಕಂಡರೆ ಕೀಬೋರ್ಡ್ ಬದಲಿಸಿ ನೋಡಿ.

ಖಚಿತಪಡಿಸಿಕೊಳ್ಳುವುದು

ಶಂಕೆ ಉಳಿದರೆ ಶುದ್ಧ ಪರಿಸರದಲ್ಲಿ ಓಡಿಸಿ. ಟಿಮಕ್ಸ್ -ಎಲ್ ಪರೀಕ್ಷೆ -ಎಫ್ /ಡೆವ್/ನಲ್ ನ್ಯೂ ಎಂದರೆ ನಿಮ್ಮ ಕಾನ್ಫಿಗ್ ಓದದ ಪ್ರತ್ಯೇಕ ಟಿಮಕ್ಸ್ ಏಳುತ್ತದೆ. ಎಲ್ ದೊಡ್ಡಕ್ಷರ, ಎಫ್ ಸಣ್ಣದು, ಪರೀಕ್ಷೆ ಎಂಬಲ್ಲಿ ಯಾವ ಹೆಸರನ್ನಾದರೂ ಕೊಡಬಹುದು. ಅದರೊಳಗೆ ಮಟ್ -ಎನ್ -ಎಫ್ /ಡೆವ್/ನಲ್, ಇಲ್ಲಿ ಎಫ್ ದೊಡ್ಡಕ್ಷರ. -ಎನ್ ಇಲ್ಲದಿದ್ದರೆ ಇಡೀ ಯಂತ್ರಕ್ಕೆ ಸೇರಿದ ಮಟ್‌ಆರ್‌ಸಿ ಓದಿಸಿಕೊಳ್ಳುತ್ತದೆ, ಕಂಟ್ರೋಲ್-ಬಿ ಮ್ಯಾಕ್ರೋ ಇರುವುದೇ ಅದರಲ್ಲಿ. ಮಟ್ ಒಳಗೆ ಕೋಲನ್ ಚಿಹ್ನೆ (:) ಒತ್ತಿ ಎಕ್ಸೆಕ್ ವಾಟ್-ಕೀ ಎಂದರೆ, ಒತ್ತಿದ ಕೀ ಮಟ್‌ಗೆ ಏನಾಗಿ ತಲುಪುತ್ತಿದೆ ಎಂದು ತೋರಿಸುತ್ತದೆ. ಒತ್ತಿದರೂ ಏನೂ ಕಾಣದಿದ್ದರೆ ಹಿಂದಿನ ನಾಕಾ ಹಿಡಿದಿದೆ. ಹೊರಬರಲು ಕಂಟ್ರೋಲ್-ಜಿ.

ಕೊನೆಯದಾಗಿ, ತಿದ್ದಿದ ಮೇಲೂ ಜಿಗಿತ ನಿಲ್ಲಲಿಲ್ಲ ಎಂದು ಬೇಸತ್ತು ಬರುವವರಲ್ಲಿ ಹೆಚ್ಚಿನವರು ಇಲ್ಲಿ ಎಡವಿರುತ್ತಾರೆ. ಟಿಮಕ್ಸ್.ಕಾನ್ಫ್‌ನಿಂದ ಒಂದು ಬೈಂಡ್ ಸಾಲನ್ನು ಅಳಿಸಿ ಸೋರ್ಸ್-ಫೈಲ್ ಮಾಡಿದರೆ ಆ ಕೀ ಹೋಗುವುದಿಲ್ಲ. ಓಡುತ್ತಿರುವ ಟಿಮಕ್ಸ್ ಸರ್ವರ್ ಅದನ್ನು ನೆನಪಿಟ್ಟುಕೊಂಡಿರುತ್ತದೆ, ನೀವು ಡಿಟ್ಯಾಚ್ ಆಗಿ ಮತ್ತೆ ಬಂದರೂ ಅಷ್ಟೇ. ಅನ್‌ಬೈಂಡ್ ಎಂದು ಸ್ಪಷ್ಟವಾಗಿ ಕೊಡಬೇಕು, ಇಲ್ಲವೇ ಬರೆಯುತ್ತಿದ್ದ ಮೇಲ್‌ಗಳನ್ನೆಲ್ಲ ಉಳಿಸಿ, ಎಲ್ಲ ಸೆಷನ್ ಮುಗಿಸಿ, ಟಿಮಕ್ಸ್ ಕಿಲ್-ಸರ್ವರ್ ಕೊಟ್ಟು ಹೊಸದಾಗಿ ಶುರು ಮಾಡಬೇಕು. ಮತ್ತೆ ಲಿಸ್ಟ್-ಕೀಸ್ ನೋಡಿ. ಆ ಸಾಲು ಅಲ್ಲಿ ಇಲ್ಲವೆಂದು ಕಣ್ಣಾರೆ ಕಂಡ ಮೇಲೆಯೇ ಮುಂದಿನ ಕಾರಣಕ್ಕೆ ಹೋಗಿ.